ಬೇರೆ ಕ್ವಾರಿಯ ಫಾರಂ ನಿಮ್ಮ ಬಂಡೆಗೆ ಹೊಂದದು

ಪ್ರಶ್ನೆ: ಚಿಕ್ಕಬಳ್ಳಾಪುರ ತಾಲ್ಲೂಕಿನ ಕಲ್ಲು ಕ್ವಾರಿಯೊಂದರಲ್ಲಿ ಮೇಲ್ವಿಚಾರಕನಾಗಿದ್ದೇನೆ. 14 ಕೆಲಸಗಾರರಿದ್ದಾರೆ. ಬಂಡೆ ಗೋಡೆ ಸುಮಾರು 12 ಮೀಟರ್ ನೇರಕ್ಕೆ ನಿಂತಿದೆ. ಅಪಾಯದ ಮೌಲ್ಯಮಾಪನ ಬರೆಯಲು ಮಾಲೀಕರು ಬೇರೆ ಕ್ವಾರಿಯ ಫಾರಂ ಕೊಟ್ಟಿದ್ದಾರೆ. ಹೇಗೆ ತುಂಬಲಿ?

ಉತ್ತರ: ಅದನ್ನು ಪಕ್ಕಕ್ಕಿಡಿ. ಜಾಕ್‌ಹ್ಯಾಮರ್ (ಬಂಡೆಗೆ ಕುಳಿ ಕೊರೆಯುವ ಯಂತ್ರ) ಹಿಡಿಯುವ ಒಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಕೆಲಸಕ್ಕೆ ಮುಂಚೆ ಕ್ವಾರಿ ಸುತ್ತಿ. ಕುಳಿ ಕೊರೆಯುವುದು, ಸಿಡಿಮದ್ದು ತುಂಬುವುದು, ಸಡಿಲ ಕಲ್ಲು ಕೆಡವುವುದು, ಟಿಪ್ಪರ್‌ಗೆ ತುಂಬುವುದು, ಹೀಗೆ ಕೆಲಸ ಬಿಡಿಸಿ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಪೆಟ್ಟಿನ ತೀವ್ರತೆಗೆ 1ರಿಂದ 5, ಆಗುವ ಸಂಭವಕ್ಕೆ 1ರಿಂದ 5 ಅಂಕ ಹಾಕಿ ಗುಣಿಸಿ. 15 ಅಥವಾ ಮೇಲೆ ಬಂದರೆ ಸರಿಪಡಿಸುವ ತನಕ ಆ ಕೆಲಸ ನಿಲ್ಲಿಸಿ.

ಎಡವುವುದು ಸಂಭವದ ಅಂಕದಲ್ಲಿ. "ಇಷ್ಟು ವರ್ಷ ಏನೂ ಆಗಿಲ್ಲ" ಎಂದು 1 ಹಾಕಿದರೆ ಸಾವಿನ ಅಪಾಯವೂ 5ಕ್ಕೆ ಇಳಿದು ಪಟ್ಟಿಯ ತಳ ಸೇರುತ್ತದೆ. ತೀವ್ರತೆ 5 ಇರುವ ಯಾವ ಸಾಲನ್ನೂ ಗುಣಾಕಾರ ನೋಡಿ ಕೈಬಿಡಬೇಡಿ.

ನಿಮ್ಮ ಗೋಡೆಯೇ ಅಂಥ ಸಾಲು. ಹಾರೆಯಿಂದ ತಟ್ಟಿ ನೋಡಿ: ಗಟ್ಟಿ ಬಂಡೆ ಟಣ್ ಎನ್ನುತ್ತದೆ, ಸಡಿಲ ಬಂಡೆ ಟೊಳ್ಳು ದನಿ ಕೊಡುತ್ತದೆ. ಬಂಡೆಯ ಸೀಳು ಕ್ವಾರಿಯ ಕಡೆಗೆ ಇಳಿಜಾರಾಗಿದ್ದರೆ ಅಥವಾ ಮಳೆಯಾದ ಮೇಲೆ ಅದರಿಂದ ನೀರು ಜಿನುಗುತ್ತಿದ್ದರೆ ಕೆಳಗೆ ಯಾರೂ ನಿಲ್ಲಬಾರದು. ಹೆಲ್ಮೆಟ್ ಬಂಡೆಯನ್ನು ತಡೆಯುವುದಿಲ್ಲ. ಸಡಿಲ ಕಲ್ಲನ್ನು ಮೇಲಿನಿಂದಲೇ, ಇಡೀ ಮೈಗೆ ತೊಡುವ ಸುರಕ್ಷತಾ ಹಾರ್ನೆಸ್ ತೊಟ್ಟು, ಅದರ ಹಗ್ಗವನ್ನು ಗಟ್ಟಿ ಆಧಾರಕ್ಕೆ ಕಟ್ಟಿ ಕೆಡವಿ. ಬುಡ ಕೊರೆಯಬೇಡಿ. ಗೋಡೆಯನ್ನು ಮೇಲಿನಿಂದ ಮೆಟ್ಟಿಲಾಗಿ ಒಡೆಯಬೇಕು: ಒಂದೊಂದು ಮೆಟ್ಟಿಲಿನ ಎತ್ತರ 6 ಮೀಟರ್ ಮೀರದಿರಲಿ, ಅಗಲ ಎತ್ತರಕ್ಕಿಂತ ಕಡಿಮೆಯಾಗದಿರಲಿ, ಉರುಳಿದ ಕಲ್ಲು ಅಲ್ಲೇ ನಿಲ್ಲುತ್ತದೆ. ಮೇಲಿನ ಮಣ್ಣಿನಲ್ಲಿ ಮೆಟ್ಟಿಲಿನ ಎತ್ತರ 1.5 ಮೀಟರ್ ಮೀರದಿರಲಿ.

ಮದ್ದಿನ ವಿಷಯದಲ್ಲಿ ಸಿಡಿಸುವ ಗಳಿಗೆಯೊಂದನ್ನೇ ನೋಡಬೇಡಿ. 2021ರ ಫೆಬ್ರುವರಿಯಲ್ಲಿ ನಿಮ್ಮದೇ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜೆಲಟಿನ್ ಕಡ್ಡಿ (ಬಂಡೆ ಒಡೆಯುವ ಸ್ಫೋಟಕ) ಸಿಡಿದು 6 ಮಂದಿ ಸತ್ತದ್ದು ಬಂಡೆ ಒಡೆಯುವಾಗಲ್ಲ. ಹಾಗಾಗಿ ಸಾಗಣೆ, ದಾಸ್ತಾನು, ಉಳಿಕೆ ಮದ್ದಿಗೆ ಬೇರೆ ಬೇರೆ ಸಾಲು ಇರಲಿ. ಡೆಟೋನೇಟರ್ (ಮದ್ದನ್ನು ಸಿಡಿಸುವ ಸಾಧನ) ಮತ್ತು ಜೆಲಟಿನ್ ಒಟ್ಟಿಗೆ ಇಡುವಂತಿಲ್ಲ. ಸಿಡಿಯದ ಕುಳಿಯ ಮದ್ದನ್ನು ಕೆದಕಿ ತೆಗೆಯಬಾರದು. ಪರವಾನಗಿ ಇರುವ ಬ್ಲಾಸ್ಟರ್ (ಮದ್ದು ಸಿಡಿಸುವವರು) ಮಾತ್ರ ಕನಿಷ್ಠ 30 ಸೆಂಟಿಮೀಟರ್ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ ಹೊಸ ಕುಳಿ ಕೊರೆಸಿ ಸಿಡಿಸಬೇಕು. ಹಳೆಯ ಕುಳಿಯ ತಳದಲ್ಲೇ ಮತ್ತೆ ಡ್ರಿಲ್ ಇಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ಅಲ್ಲಿ ಮದ್ದು ಉಳಿದಿರಬಹುದು.

ಧೂಳಿಗೂ ತೀವ್ರತೆ 5. ಗ್ರಾನೈಟ್ ಧೂಳಿನ ಸಿಲಿಕಾ ತರುವ ಸಿಲಿಕೋಸಿಸ್ ವಾಸಿಯಾಗದ ಶ್ವಾಸಕೋಶದ ಕಾಯಿಲೆ. ಸಾಮಾನ್ಯವಾಗಿ ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ ಎಂದೇ ಫಾರಂಗಳಲ್ಲಿ ಅದು ಕೆಳಗಿರುತ್ತದೆ. ಮುಖಕ್ಕೆ ಸುತ್ತಿದ ಟವೆಲ್ ಅಷ್ಟು ನಯವಾದ ಕಣವನ್ನು ಸೋಸುವುದಿಲ್ಲ. ಕುಳಿ ಕೊರೆಯುವಾಗ ನೀರು ಹಾಯಿಸಿ, ಆಮೇಲೆ ಮಾಸ್ಕ್. ಪ್ರತಿ ಬ್ಲಾಸ್ಟ್ ಆದ ಮೇಲೂ, ಜೋರು ಮಳೆ ಬಂದ ಮರುದಿನವೂ ಗೋಡೆಯ ಸಾಲಿಗೆ ಅಂಕ ಮತ್ತೆ ಹಾಕಿ.