ಹಳ್ಳಿಯ ಮನೆ ಮಾರುವ ಮುನ್ನ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆಸಿ ನೋಡಿ

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯಿದೆ. ನಾವು ಬಾಗಲಕೋಟೆಯಲ್ಲಿ ನೆಲೆಸಿರುವುದರಿಂದ ಅದನ್ನು ಮಾರಬೇಕೆಂದು ಮಾತುಕತೆ ನಡೆಸಿದ್ದೇವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ನಮ್ಮ ಅಳಿಯ, ಅಲ್ಲಿ ಸೆಪ್ಟಿಕ್ ಟ್ಯಾಂಕಿನ ಪರೀಕ್ಷೆಯಾಗದೆ ಮನೆಯ ಮಾರಾಟ ನಡೆಯುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿಯೂ ಅಂಥ ನಿಯಮವಿದೆಯೇ? ಟ್ಯಾಂಕು ಹಿತ್ತಲಲ್ಲಿದೆ. ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದೆಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಉತ್ತರ: ನಿಮ್ಮ ಅಳಿಯ ಹೇಳಿದ್ದು ಅಲ್ಲಿಯ ಮಟ್ಟಿಗೆ ಸರಿ. ಮ್ಯಾಸಚೂಸೆಟ್ಸ್‌ನಲ್ಲಿ ಮಾರಾಟಕ್ಕೆ ಮುಂಚಿನ ಎರಡು ವರ್ಷಗಳೊಳಗೆ ಟ್ಯಾಂಕು ಮತ್ತು ಅದರ ಇಂಗು ವ್ಯವಸ್ಥೆಯ ತಪಾಸಣೆ ಆಗಿರಬೇಕು. ಪ್ರತಿವರ್ಷ ಖಾಲಿ ಮಾಡಿಸಿದ ದಾಖಲೆಯಿದ್ದರೆ ಆ ತಪಾಸಣೆ ಮೂರು ವರ್ಷಗಳವರೆಗೆ ಚಾಲ್ತಿಯಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ ಮಾರುವವರು ಟ್ಯಾಂಕು ಎಲ್ಲಿದೆ, ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಕರ್ನಾಟಕದಲ್ಲಿ ಅಂಥ ಕಡ್ಡಾಯ ತಪಾಸಣೆಯಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಗ್ರಾಮ ಪಂಚಾಯತಿಯ ಇ-ಸ್ವತ್ತು ಉತಾರ, ಋಣಭಾರ ಪತ್ರ ಮತ್ತು ಗುರುತಿನ ದಾಖಲೆಗಳನ್ನು ನೋಡುತ್ತಾರೆಯೇ ಹೊರತು ಟ್ಯಾಂಕಿನ ಪರೀಕ್ಷಾ ಪತ್ರವನ್ನು ಯಾರೂ ಕೇಳುವುದಿಲ್ಲ.

ಆದರೆ ಕೇಳುವವರಿಲ್ಲವೆಂದ ಮಾತ್ರಕ್ಕೆ ಹೊಣೆಯಿಲ್ಲವೆಂದು ಭಾವಿಸಬಾರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. ಹಾಗೆ ತಿಳಿಸದೆ ಇರುವುದನ್ನು ಆ ಕಲಮು ವಂಚನೆಯೆಂದೇ ಕರೆಯುತ್ತದೆ. ನೆಲದಡಿ ಹೂತ ಟ್ಯಾಂಕಿನ ಬಿರುಕಿಗಿಂತ ಕಣ್ಣಿಗೆ ಬೀಳದ ದೋಷ ಮನೆಯಲ್ಲಿ ಬೇರೆ ಯಾವುದಿದೆ? ಹೀಗಾಗಿ ಸಂಚಕಾರ ಪಡೆಯುವ ಮೊದಲೇ ಕೊಳ್ಳುವವರ ಎದುರಿನಲ್ಲಿ ಮುಚ್ಚಳ ತೆಗೆಸಿ ತೋರಿಸಿ, ಕಂಡದ್ದನ್ನು ಕರಾರು ಪತ್ರದಲ್ಲಿ ಬರೆಸಿಬಿಡುವುದು ನಿಮಗೂ ಅವರಿಗೂ ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಏನನ್ನು ನೋಡಬೇಕೆಂದು ವಿವರಿಸುತ್ತೇನೆ. ಮೊದಲು ಅದು ನಿಜವಾಗಿ ಸೆಪ್ಟಿಕ್ ಟ್ಯಾಂಕೇ ಎಂಬುದು ಖಚಿತವಾಗಬೇಕು, ಏಕೆಂದರೆ ನಮ್ಮ ಕಡೆ ತಳಕ್ಕೆ ಕಾಂಕ್ರೀಟು ಹಾಕದೆ ಸುತ್ತ ಕಲ್ಲು ಕಟ್ಟಿ ಮೇಲೆ ಫರಸಿ ಮುಚ್ಚಿದ ಗುಂಡಿಯನ್ನೂ ಜನ ಟ್ಯಾಂಕೆಂದೇ ಹೇಳುತ್ತಾರೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470ರ ಪ್ರಕಾರ ಟ್ಯಾಂಕು ನೀರು ಸೋರದಂತಿರಬೇಕು, ಕನಿಷ್ಠ 1000 ಲೀಟರು ಹಿಡಿಯಬೇಕು. ಐದು ಜನರ ಮನೆಗೆ ಸುಮಾರು 1.5 ಮೀಟರ್ ಉದ್ದ, 0.75 ಮೀಟರ್ ಅಗಲ ಮತ್ತು ಒಂದು ಮೀಟರಿಗೆ ಕಡಿಮೆಯಿಲ್ಲದ ನೀರಿನ ಆಳ ಇರಬೇಕು. ಟ್ಯಾಂಕಿನಿಂದ ಹೊರಬರುವ ನೀರು ಗಟಾರಕ್ಕೋ ಹಳ್ಳಕ್ಕೋ ಹೋಗದೆ ಇಂಗುಗುಂಡಿಗೆ ಹೋಗಬೇಕು.

ಮುಚ್ಚಳ ತೆಗೆದ ಮೇಲೆ ಗಾಳಿಯಾಡಲು ಬಿಟ್ಟು, ಬೀಡಿ ಬೆಂಕಿಯನ್ನು ದೂರವಿಟ್ಟು, ಮೇಲಿನಿಂದಲೇ ನೀರಿನ ಮಟ್ಟವನ್ನು ಗಮನಿಸಿ. ಬಳಕೆಯಲ್ಲಿರುವ ಟ್ಯಾಂಕಿನಲ್ಲಿ ನೀರು ಹೊರಹೋಗುವ ಪೈಪಿನ ಕೆಳ ಅಂಚಿಗೆ ಸಮನಾಗಿ ನಿಂತಿರಬೇಕು. ಅದಕ್ಕಿಂತ ಕೆಳಗಿದ್ದರೆ ತಳವೋ ಗೋಡೆಯೋ ಸೋರುತ್ತಿದೆ; ಮೇಲಿದ್ದರೆ ಮುಂದಿನ ಪೈಪೋ ಇಂಗುಗುಂಡಿಯೋ ಕಟ್ಟಿಕೊಂಡಿದೆ. ನಿಮ್ಮ ಮನೆಯಂತೆ ಬಹುಕಾಲ ಬೀಗ ಹಾಕಿದ ಮನೆಯಾದರೆ ಒಮ್ಮೆ ಖಾಲಿ ಮಾಡಿಸಿ, ನೀರು ತುಂಬಿಸಿ, ಗುರುತು ಹಾಕಿ 24 ಗಂಟೆ ಬಿಟ್ಟು ನೋಡುವುದೇ ನಂಬಬಹುದಾದ ಪರೀಕ್ಷೆ. ಖಾಲಿ ಮಾಡಿಸುವ ಮೊದಲು ಕೆಸರು ಎಷ್ಟಿದೆಯೆಂದು ತಿಳಿಯಬೇಕಾದರೆ, ಉದ್ದನೆಯ ಗಳಕ್ಕೆ ಒರಟಾದ ಬಿಳಿ ಬಟ್ಟೆ ಸುತ್ತಿ, ತಳ ತಾಗುವವರೆಗೆ ನೇರವಾಗಿ ಇಳಿಸಿ, ಕೆಲವು ನಿಮಿಷ ಹಾಗೆಯೇ ಹಿಡಿದು ನಿಧಾನವಾಗಿ ಎತ್ತಿ. ಬಟ್ಟೆಯ ಮೇಲೆ ಒಂದು ಮಟ್ಟದವರೆಗೆ ಕಪ್ಪು ಕಣಗಳು ದಟ್ಟವಾಗಿ ಅಂಟಿಕೊಂಡಿರುತ್ತವೆ, ಅದರ ಮೇಲೆ ಬಟ್ಟೆ ಬರೀ ಮಾಸಿರುತ್ತದೆ. ಆ ಕಪ್ಪಿನ ಎತ್ತರವೇ ಕೆಸರಿನ ಎತ್ತರ. ನೀರಿನ ಆಳದಲ್ಲಿ ಅರ್ಧದಷ್ಟು ಕೆಸರೇ ಇದ್ದರೆ ಖಾಲಿ ಮಾಡಿಸುವ ಕಾಲ ಮೀರಿದೆ ಎಂದರ್ಥ. ಎರಡು ಮೂರು ವರ್ಷಗಳಿಗೊಮ್ಮೆ ಖಾಲಿ ಮಾಡಿಸುವುದು ವಾಡಿಕೆಯಾಗಬೇಕು.

ಎರೆ ಭೂಮಿಯ ಊರುಗಳಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಬೇಸಿಗೆಯಲ್ಲಿ ನೆಲ ಬಿರಿದು ಇಂಗುಗುಂಡಿ ಎಷ್ಟು ನೀರನ್ನಾದರೂ ನುಂಗುತ್ತದೆ, ಮಳೆ ಬಿದ್ದೊಡನೆ ಅದೇ ಮಣ್ಣು ಹಿಗ್ಗಿ ಬಾಯಿ ಮುಚ್ಚಿಕೊಳ್ಳುತ್ತದೆ, ಆಗ ನೀರು ಹಿಂದಕ್ಕೆ ಬಂದು ಬಚ್ಚಲಿನಲ್ಲಿ ನಿಲ್ಲುತ್ತದೆ. ಹೀಗೆ ವರ್ಷವರ್ಷವೂ ಹಿಗ್ಗಿ ಕುಗ್ಗುವ ಮಣ್ಣು ಟ್ಯಾಂಕಿನ ಗೋಡೆಯನ್ನೂ ಸೀಳುತ್ತದೆ. ಯುಗಾದಿಯ ಸುಮಾರಿಗೆ ಮನೆ ನೋಡಿ ವ್ಯವಹಾರ ಮುಗಿಸುವವರಿಗೆ ಇದು ಕಾಣಿಸುವುದೇ ಇಲ್ಲ. ಮಳೆಗಾಲದಲ್ಲಿ ಏನಾಗುತ್ತದೆಂಬುದು ನಿಮಗೆ ಗೊತ್ತಿದ್ದರೆ ಅದನ್ನು ಹೇಳಿಬಿಡಿ, ಗೊತ್ತಿಲ್ಲದಿದ್ದರೆ ನೆರೆಯವರನ್ನು ಕೇಳಿ. ಎರೆ ನೆಲದಲ್ಲಿ ಇಂಗುಗುಂಡಿಯ ಹೊರಸುತ್ತಿಗೆ 300 ಮಿಲಿಮೀಟರಿನಷ್ಟು ಮರಳು, ಕಡಿ ಅಥವಾ ಇಟ್ಟಿಗೆ ಚೂರು ತುಂಬಿಸುವುದು ಈ ತೊಂದರೆಯನ್ನು ಬಹಳಷ್ಟು ತಗ್ಗಿಸುತ್ತದೆ, ಮತ್ತು ಅನುಭವಸ್ಥ ಗೌಂಡಿಗಳಿಗೆ ಅದು ಕಷ್ಟದ ಕೆಲಸವಲ್ಲ.

ಖಾಲಿ ಮಾಡಿಸುವುದು ಯಂತ್ರದ ಟ್ಯಾಂಕರಿನಿಂದ ಮಾತ್ರ. ಯಾರನ್ನೂ ಒಳಗೆ ಇಳಿಸಬೇಡಿ. ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ವಾಸನೆಯೇ ತಿಳಿಯದಂತಾಗಿ ಮನುಷ್ಯ ಕೆಲವೇ ಉಸಿರಿನಲ್ಲಿ ಕುಸಿಯುತ್ತಾನೆ, ಎತ್ತಲು ಇಳಿದ ಎರಡನೆಯವನೂ ಹಾಗೆಯೇ ಸಾಯುತ್ತಾನೆ. ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯು ಸುರಕ್ಷಾ ಸಾಧನಗಳಿಲ್ಲದೆ ಜನರನ್ನು ಟ್ಯಾಂಕಿಗಿಳಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷಗಳವರೆಗಿನ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಇಂಥ ಸಾವುಗಳಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಮನೆ ಮಾರುವ ಅವಸರದಲ್ಲಿ ನಾಲ್ಕು ಕಾಸು ಉಳಿಸಲೆಂದು ಒಬ್ಬರ ಜೀವವನ್ನು ಪಣಕ್ಕಿಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಟ್ಯಾಂಕರಿನವರಿಂದ ದಿನಾಂಕವಿರುವ ರಸೀದಿ ಪಡೆದು ಕಾಗದಪತ್ರಗಳ ಜೊತೆ ಇಡಿ.

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ಮನೆಯೊಂದನ್ನು ಕೊಳ್ಳುತ್ತಿದ್ದೇವೆ. ಅಂಗಳದಲ್ಲಿ ಬೋರ್‌ವೆಲ್ ಇದೆ, ಶೌಚದ ಇಂಗುಗುಂಡಿ ಅದರಿಂದ ಸುಮಾರು 8 ಮೀಟರ್ ದೂರದಲ್ಲಿದೆ. ನೀರು ತಿಳಿಯಾಗಿದೆ, ರುಚಿಯೂ ಚೆನ್ನಾಗಿದೆ. ಚಿಂತಿಸಬೇಕೇ?

ಉತ್ತರ: ಚಿಂತಿಸಬೇಕು. ಐಎಸ್ 2470 ಕುಡಿಯುವ ನೀರಿನ ಮೂಲಕ್ಕೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರ ಕೇಳುತ್ತದೆ. ವಿಜಯಪುರ ಜಿಲ್ಲೆಯ ಬಹುಭಾಗದಲ್ಲಿ ಮೇಲ್ಮಣ್ಣಿನ ಕೆಳಗಿರುವುದು ಕಪ್ಪು ಬಸಾಲ್ಟ್ ಬಂಡೆ. ಬಂಡೆಯ ಬಿರುಕಿಗೆ ಸೇರಿದ ಕೊಳೆನೀರು ಮಣ್ಣಿನಲ್ಲಿ ಸೋಸಿದಂತೆ ಸೋಸದೆ ದೂರದವರೆಗೆ ಹರಿದುಬಿಡುತ್ತದೆ. ರುಚಿ, ತಿಳಿ ಎರಡೂ ಇಲ್ಲಿ ಸಾಕ್ಷಿಯಾಗುವುದಿಲ್ಲ. ನೀರಿನ ಮಾದರಿಯನ್ನು ಸರ್ಕಾರಿ ಕುಡಿಯುವ ನೀರಿನ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು, ಇ-ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಮತ್ತು ನೈಟ್ರೇಟ್ ಎರಡನ್ನೂ ನೋಡಲು ಕೇಳಿ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಒಂದೂ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ನೈಟ್ರೇಟ್ ಹೆಚ್ಚಿದ್ದರೆ ಕುದಿಸಿದರೂ ಹೋಗುವುದಿಲ್ಲ. ಬಾಟಲಿ ಹಾಲು ಕುಡಿಯುವ ಹಸುಗೂಸು ಮನೆಯಲ್ಲಿದ್ದರೆ ಇದು ಬಹಳ ಮುಖ್ಯ. ಹೊಲದ ಗೊಬ್ಬರದಿಂದಲೂ ನೈಟ್ರೇಟ್ ಬರುವುದರಿಂದ ಅದೊಂದನ್ನೇ ಹಿಡಿದು ಗುಂಡಿಯ ಮೇಲೆ ತಪ್ಪು ಹೊರಿಸಲಾಗದು, ಆದರೆ ಎರಡೂ ಕೆಟ್ಟಿದ್ದರೆ ಗುಂಡಿಯ ಮೇಲಿನ ಅನುಮಾನ ಬಲವಾಗುತ್ತದೆ. ಇಂಗುಗುಂಡಿಯನ್ನು ಬೇರೆ ಮೂಲೆಗೆ ಸಾಗಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಈಗಲೇ ಮಾತನಾಡಿಕೊಳ್ಳಿ.

ಪ್ರಶ್ನೆ: ಅಥಣಿ ತಾಲ್ಲೂಕಿನಲ್ಲಿ ಮನೆ ಕೊಂಡು ಐದು ತಿಂಗಳಾಯಿತು. ಮೊದಲ ಮಳೆಗೇ ಟ್ಯಾಂಕು ಉಕ್ಕಿತು. ಅಗೆಸಿದಾಗ ಅದರ ಅರ್ಧ ಪಕ್ಕದವರ ಜಾಗದಲ್ಲಿದೆ ಎಂದು ತಿಳಿಯಿತು. ಮಾರಿದವರು ಈಗ ಫೋನು ಎತ್ತುತ್ತಿಲ್ಲ. ಏನು ಮಾಡಬಹುದು?

ಉತ್ತರ: ಇವು ಎರಡು ಬೇರೆ ತೊಂದರೆಗಳು. ಟ್ಯಾಂಕು ಗಡಿ ದಾಟಿರುವುದಕ್ಕೆ ಮೊದಲು ಖರೀದಿ ಪತ್ರದ ಚೆಕ್ಕುಬಂದಿ ಹಿಡಿದು ಅಳತೆ ಮಾಡಿಸಿ. ಅದು ನಿಜವಾದರೆ ಪಕ್ಕದವರೊಂದಿಗೆ ಸೌಹಾರ್ದದಿಂದ ಮಾತನಾಡಿ ಬರವಣಿಗೆಯ ಒಪ್ಪಿಗೆ ಪಡೆಯಿರಿ ಅಥವಾ ನಿಮ್ಮ ಜಾಗದಲ್ಲೇ ಹೊಸದನ್ನು ಕಟ್ಟಿಸಿ. ಕೋರ್ಟಿನ ದಾರಿಗಿಂತ ಅದು ಬೇಗ ಮುಗಿಯುತ್ತದೆ. ಉಕ್ಕುವ ವಿಷಯದಲ್ಲಿ, ಮಾರಿದವರಿಗೆ ಅದು ಮೊದಲೇ ಗೊತ್ತಿತ್ತು ಎಂಬುದನ್ನು ತೋರಿಸುವ ಭಾರ ನಿಮ್ಮ ಮೇಲಿದೆ. ಹಿಂದೆ ಟ್ಯಾಂಕರು ತಂದವರು, ದುರಸ್ತಿ ಮಾಡಿದ ಗೌಂಡಿ, ಎದುರು ಮನೆಯವರು ಏನು ಕಂಡಿದ್ದಾರೆಂದು ವಿಚಾರಿಸಿ. ದುರಸ್ತಿಗೆ ಕೈ ಹಾಕುವ ಮುನ್ನ ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟು, ಖರ್ಚಿನ ರಸೀದಿಗಳೊಂದಿಗೆ ವಕೀಲರ ಮೂಲಕ ನೋಟಿಸು ಕಳಿಸಿ. ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ, ಆದರೂ ತಡಮಾಡಬೇಡಿ, ಸಾಕ್ಷಿ ಹೇಳುವವರ ನೆನಪು ಅಷ್ಟು ದಿನ ಉಳಿಯುವುದಿಲ್ಲ. ವಕೀಲರ ಖರ್ಚು ಹೆಚ್ಚೆನಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ; ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಆ ತೀರ್ಪಿನ ಮೇಲೆ ಮೇಲ್ಮನವಿ ಇರುವುದಿಲ್ಲವಾದ್ದರಿಂದ, ದುರಸ್ತಿಯ ಪೂರ್ತಿ ಅಂದಾಜುಪಟ್ಟಿ ಕೈಗೆ ಬಂದ ಮೇಲೆಯೇ ಮೊತ್ತಕ್ಕೆ ಒಪ್ಪಿಕೊಳ್ಳಿ.