ಹುಬ್ಬಳ್ಳಿಯಿಂದ ಪುಣೆಗೆ ಬಂದು ಇಂಜಿನಿಯರಿಂಗ್ ಸೇರುವವರು ಬಿಬಿಎಯನ್ನೂ ಒಟ್ಟಿಗೆ ಮಾಡಬಹುದಾ?

ಮಾಡಬಹುದು. 2022ರಿಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಏಕಕಾಲಕ್ಕೆ ಎರಡು ಡಿಗ್ರಿ ಓದಲು ಬಿಟ್ಟಿದೆ. ಆದರೆ ಎರಡಕ್ಕೂ ಕಾಲೇಜಿಗೇ ಹೋಗುವುದಾದರೆ ತರಗತಿಗಳ ಸಮಯ ಒಂದರ ಮೇಲೊಂದು ಬೀಳಬಾರದು. ತೊಡಕು ಇರುವುದು ಇಲ್ಲೇ. ಇಂಜಿನಿಯರಿಂಗ್‌ನಲ್ಲಿ ಪಾಠ, ಲ್ಯಾಬ್ ಅಂತ ಇಡೀ ದಿನ ಹೋಗುತ್ತದೆ. ಬಿಬಿಎ ತರಗತಿಗೆ ಹೊತ್ತೆಲ್ಲಿ ಉಳಿಯುತ್ತದೆ, ಅಲ್ವಾ? ಹಾಗಾಗಿ ಎರಡನೆಯ ಡಿಗ್ರಿಯನ್ನು ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಮಾಡುವುದೇ ನಡೆಯುವ ದಾರಿ. ದೂರಶಿಕ್ಷಣ ಕೊಡುವ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಪ್ರಾದೇಶಿಕ ಕೇಂದ್ರ ಪುಣೆಯಲ್ಲೇ ಇದೆ.

ಆದರೂ ಎರಡು ಕಡೆ ಪರೀಕ್ಷೆ ಬರೆಯುವುದು ಸುಸ್ತಿನ ಕೆಲಸ. ಅದರ ಬದಲು ಬಿಟೆಕ್, ಎಂಬಿಎ ಎರಡನ್ನೂ ಸೇರಿಸಿದ 5 ವರ್ಷದ ಎಂಬಿಎ ಟೆಕ್ ಎಂಬ ಕೋರ್ಸ್ ಮುಂಬೈಯ ಎನ್‌ಎಂಐಎಂಎಸ್ ವಿಶ್ವವಿದ್ಯಾಲಯದಲ್ಲಿದೆ. ಶುಲ್ಕ ಹೊಂದಿಸಲು ಆಗುವುದಾದರೆ ನಾನು ಅದನ್ನೇ ಹೇಳುತ್ತೇನೆ. ಎರಡು ಡಿಗ್ರಿಯ ದಾರಿಯೇ ಬೇಕೆಂದರೆ, ನಿಮ್ಮ ವಿಶ್ವವಿದ್ಯಾಲಯ ಅದಕ್ಕೆ ಒಪ್ಪುತ್ತದಾ ಅಂತ ಪ್ರವೇಶಕ್ಕೆ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.