ಹೇಮಗಂಗೋತ್ರಿಯಿಂದಲೇ ಶುರು ಮಾಡಿ

ದೇಶದ ಎಲ್ಲ ವಿಶ್ವವಿದ್ಯಾಲಯಗಳನ್ನೂ ನೋಡುವ ಆಸೆ, ಹಾಸನದಿಂದ ಮೊದಲು ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ದೂರ ಯಾಕೆ? ನಿಮ್ಮೂರಿನ ಹೇಮಗಂಗೋತ್ರಿಗೇ ಹೋಗಿ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಬೆಳೆದ ಜಾಗ ಅದು. ಆಮೇಲೆ 1916ರಲ್ಲಿ ಶುರುವಾದ ಮೈಸೂರಿನದನ್ನೇ ನೋಡಿ. ಅದರ ಆವರಣಕ್ಕೆ ಮಾನಸಗಂಗೋತ್ರಿ ಅನ್ನೋ ಹೆಸರಿಟ್ಟವರು ಕುವೆಂಪು. ಪಕ್ಕದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಒಂದು ಸುತ್ತು ನಡೆಯಿರಿ, ನನಗಂತೂ ಅದು ತುಂಬಾ ಇಷ್ಟ.

ನಾನು ಚಿಕ್ಕಮಗಳೂರಿನವನು. ನನ್ನ ಮೊದಲನೆಯದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ತರೀಕೆರೆ ಮೇಲೆ ಹೋದೆ. ಭದ್ರಾ ಡ್ಯಾಮ್ ಹತ್ತಿರವೇ ಇದೆ, ಎರಡನ್ನೂ ಒಂದೇ ದಿನ ನೋಡಬಹುದು.

ಭಾನುವಾರ ಮಾತ್ರ ಬೇಡ. ಇನ್ನೊಂದು ಕಡೆ ಹಾಗೆ ಹೋಗಿ, ಗೇಟಿನಿಂದಲೇ ವಾಪಸ್ ಬಂದೆ. ಆಧಾರ್ ಕಾರ್ಡ್ ಜೇಬಿನಲ್ಲಿರಲಿ. ಗ್ರಂಥಾಲಯ ನೋಡೋಕೆ ಬಂದೆ ಅಂತ ನೇರವಾಗಿ ಹೇಳಿ.